ಬಸ್ಸು ಎಲ್ಲಿದೆ ಎಂದು ಐದೈದು ಸೆಕೆಂಡಿಗೆ ಹೇಳಬೇಕಿಲ್ಲ

ನಮ್ಮ ದೇಶದ ಸಾರ್ವಜನಿಕ ಸಾರಿಗೆ ವಾಹನಗಳಲ್ಲಿ ಕೂರಿಸುವ ಟ್ರ್ಯಾಕರ್‌ಗಳಿಗೆ ಎಐಎಸ್ 140 ಎಂಬ ಮಾನದಂಡವಿದೆ. ಗಾಡಿ ಓಡುತ್ತಿರುವಾಗ ಐದು ಸೆಕೆಂಡಿಗೊಮ್ಮೆ ತಾನಿರುವ ಜಾಗ ಕಳಿಸುವ ಶಕ್ತಿ ಆ ಟ್ರ್ಯಾಕರ್‌ಗೆ ಇರಬೇಕು. ಇದರ ಲೆಕ್ಕ ಹಾಕೋಣ. ದಿನಕ್ಕೆ 12 ಗಂಟೆ ಓಡುವ ಬಸ್ಸಿನಿಂದ 8,640 ಸಂದೇಶಗಳು ಹೊರಡುತ್ತವೆ. ಒಂದು ಸಂದೇಶದ ತಿರುಳು 100 ಬೈಟ್ ಎಂದುಕೊಂಡರೆ, ಜಾಲದಲ್ಲಿ ಸಂದೇಶ ಸಾಗಿಸುವ ಟಿಸಿಪಿ ಮತ್ತು ಐಪಿ ನಿಯಮಗಳು ಸೇರಿಸುವ ವಿಳಾಸದ ತಲೆಬರಹಕ್ಕೆ (ಹೆಡರ್) 40 ಬೈಟ್, ಸರ್ವರ್ ಹಿಂದಿರುಗಿಸುವ ಸ್ವೀಕೃತಿಗೆ ಮತ್ತೆ 40 ಬೈಟ್ ಸೇರುತ್ತದೆ. ಒಟ್ಟು ದಿನಕ್ಕೆ ಸುಮಾರು 1.56 ಎಂಬಿ, ತಿಂಗಳಿಗೆ 47 ಎಂಬಿ. ಒಂದು ಸಿಮ್‌ಗೆ ಇದು ಭಾರವಲ್ಲ. ಸಾವಿರ ಬಸ್ಸಾದರೆ ಸೆಕೆಂಡಿಗೆ 200 ಸಂದೇಶ, ತಿಂಗಳಿಗೆ 47 ಜಿಬಿ. ಅದರಲ್ಲಿ ಬಹುಪಾಲು ಸಂದೇಶಗಳು ಹೇಳುವುದು ಒಂದೇ ಮಾತು: ಆಗಲೇ ಹೇಳಿದ ದಿಕ್ಕಿನಲ್ಲಿ, ಆಗಲೇ ಹೇಳಿದ ವೇಗದಲ್ಲಿ ಹೋಗುತ್ತಿದ್ದೇನೆ.

ಇಷ್ಟು ಕಳಿಸಿದರೂ ನಿಖರತೆ ಸಿಗುವುದಿಲ್ಲ. 80 ಕಿ.ಮೀ. ವೇಗದ ಬಸ್ಸು ಐದು ಸೆಕೆಂಡಿನಲ್ಲಿ 111 ಮೀಟರ್ ಮುಂದೆ ಹೋಗಿರುತ್ತದೆ. ಕೊನೆಯ ಬಿಂದುವನ್ನೇ ನಕ್ಷೆಯ ಮೇಲೆ ತೋರಿಸುವ ಸರ್ವರ್, ಮುಂದಿನ ಸಂದೇಶ ಬರುವ ಹೊತ್ತಿಗೆ ಅಷ್ಟು ದೂರ ತಪ್ಪಾಗಿರುತ್ತದೆ. ಅದೇ ಬಸ್ಸು ಸಿಗ್ನಲ್‌ನಲ್ಲಿ ಮೂರು ನಿಮಿಷ ನಿಂತರೆ ಒಂದೇ ಬಿಂದುವನ್ನು 36 ಸಲ ಕಳಿಸುತ್ತದೆ. ಬೇಕಾದಲ್ಲಿ ಸಾಲದು, ಬೇಡವಾದಲ್ಲಿ ಅತಿ.

ಇದಕ್ಕೆ ಪರಿಹಾರ ಹಳೆಯದು. ನಾವಿಕರು ವೇಗ, ದಿಕ್ಕು, ಕಳೆದ ಹೊತ್ತು ಇವುಗಳಿಂದ ಹಡಗಿನ ಜಾಗ ಲೆಕ್ಕ ಹಾಕುತ್ತಿದ್ದ ಡೆಡ್ ರೆಕನಿಂಗ್ ಪದ್ಧತಿ ಅದು. ಜಾಲದಲ್ಲಿ ಸಂದೇಶ ಉಳಿಸಲು ಅದನ್ನು ದೊಡ್ಡ ಪ್ರಮಾಣದಲ್ಲಿ ಬಳಸಿದ್ದು 1980ರ ದಶಕದ ಸಿಮ್‌ನೆಟ್. ಅಮೆರಿಕದ ರಕ್ಷಣಾ ಸಂಶೋಧನಾ ಸಂಸ್ಥೆ ಡಾರ್ಪಾ ನೂರಾರು ಟ್ಯಾಂಕ್ ಸಿಮ್ಯುಲೇಟರ್‌ಗಳನ್ನು ಒಂದೇ ಜಾಲಕ್ಕೆ ಜೋಡಿಸಲು ಹೊರಟ ಯೋಜನೆ. ಅಲ್ಲಿಂದ ಈ ವಿಧಾನ ಸಿಮ್ಯುಲೇಟರ್‌ಗಳನ್ನು ಜೋಡಿಸುವ 1993ರ ಐಇಇಇ 1278 ಮಾನದಂಡಕ್ಕೆ ಬಂತು. 1990ರ ದಶಕದ ಕೊನೆಯಲ್ಲಿ ಶಿಕಾಗೋದ ಔರಿ ವುಲ್ಫ್‌ಸನ್ ಮತ್ತು ಸಂಗಡಿಗರು ಚಲಿಸುವ ವಾಹನಗಳ ಡೇಟಾಬೇಸ್‌ಗೆ ಇದನ್ನು ಅಳವಡಿಸಿ, ಯಾವಾಗ ಕಳಿಸಬೇಕು ಎನ್ನುವುದಕ್ಕೆ ಲೆಕ್ಕಬದ್ಧ ನಿಯಮಗಳನ್ನು ಕೊಟ್ಟರು.

ವಿಧಾನ ಇಷ್ಟೇ. ಟ್ರ್ಯಾಕರ್ ಒಂದು ಸಲ ಜಾಗ, ವೇಗ, ದಿಕ್ಕು, ಸಮಯ ನಾಲ್ಕನ್ನೂ ಕಳಿಸುತ್ತದೆ. ಸರ್ವರ್ ಆ ವೇಗದಲ್ಲಿ ಗಾಡಿಯನ್ನು ಮುಂದಕ್ಕೆ ಸಾಗಿಸುತ್ತಾ ಹೋಗುತ್ತದೆ. ಟ್ರ್ಯಾಕರ್ ಕೂಡ ಅದೇ ಲೆಕ್ಕವನ್ನು ತನ್ನೊಳಗೆ ಮಾಡುತ್ತಾ, ಪ್ರತಿ ಸೆಕೆಂಡೂ ಜಿಪಿಎಸ್ ಕೊಟ್ಟ ನಿಜವಾದ ಜಾಗದೊಂದಿಗೆ ಹೋಲಿಸುತ್ತದೆ. ಎರಡರ ನಡುವಿನ ಅಂತರ ಗೊತ್ತು ಮಾಡಿದ ಮಿತಿಯನ್ನು ದಾಟಿದಾಗ ಮಾತ್ರ ಹೊಸ ಸಂದೇಶ ಹೊರಡುತ್ತದೆ. ಅಲ್ಲಿಯವರೆಗೆ ಟ್ರ್ಯಾಕರ್ ಸುಮ್ಮನಿರುವುದೇ ಒಂದು ಸುದ್ದಿ: ನಿನ್ನ ಅಂದಾಜು ಇನ್ನೂ ಸರಿಯಾಗಿದೆ.

ಇಲ್ಲಿ ಬಹಳ ಮಂದಿ ಎಡವುವುದು ಅಂದಾಜನ್ನು ಜಾಣವಾಗಿಸುವ ಹುಮ್ಮಸ್ಸಿನಲ್ಲಿ. ಅಂದಾಜು ಎಷ್ಟು ಚೆನ್ನಾಗಿದೆ ಎನ್ನುವುದು ಎರಡನೆಯ ಪ್ರಶ್ನೆ. ಎರಡೂ ಕಡೆ ಒಂದೇ ಅಂದಾಜು ಇದೆಯೇ ಎನ್ನುವುದು ಮೊದಲನೆಯದು. ಸರ್ವರ್‌ನಲ್ಲಿ ಅದ್ಭುತ ಮಾದರಿಯನ್ನು ಕೂರಿಸಿ ಟ್ರ್ಯಾಕರ್‌ನಲ್ಲಿ ಬೇರೆಯದನ್ನು ಓಡಿಸಿದರೆ, ತಪ್ಪು ಎಷ್ಟಿದೆ ಎಂದು ಅಳೆಯುವವರೇ ಇರುವುದಿಲ್ಲ. ಸಾಧಾರಣ ಮಾದರಿ ಎರಡೂ ಕಡೆ ಅಚ್ಚು ಹೊಡೆದಂತಿದ್ದರೆ, ಸಂದೇಶ ನಾಲ್ಕು ಹೆಚ್ಚು ಹೋದರೂ ತಪ್ಪಿಗೆ ಖಾತ್ರಿಯ ಮೇಲ್ಮಿತಿ ಇರುತ್ತದೆ.

ಮಿತಿ ಎಷ್ಟಿರಬೇಕು

ವೇಗ ಬದಲಾಗದು ಎಂದು ನಂಬಿದ ಅಂದಾಜು ತಪ್ಪುವುದು ವೇಗೋತ್ಕರ್ಷದಿಂದ. ತಪ್ಪಿನ ದೂರ ಎಂದರೆ ವೇಗೋತ್ಕರ್ಷದ ಅರ್ಧವನ್ನು ಕಾಲದ ವರ್ಗದಿಂದ ಗುಣಿಸಿದಷ್ಟು. ಮಿತಿ 25 ಮೀಟರ್ ಇದ್ದು, ನಿಲ್ದಾಣದಿಂದ ಹೊರಟ ಬಸ್ಸು ಪ್ರತಿ ಸೆಕೆಂಡಿಗೆ ಸೆಕೆಂಡಿಗೊಂದು ಮೀಟರ್‌ನಂತೆ ವೇಗ ಹೆಚ್ಚಿಸಿಕೊಂಡರೆ ಸುಮಾರು 7 ಸೆಕೆಂಡಿಗೆ ಒಂದು ಸಂದೇಶ ಹೋಗುತ್ತದೆ. ಹೆದ್ದಾರಿಯಲ್ಲಿ ವೇಗ ಅದರ ಹತ್ತನೇ ಒಂದರಷ್ಟು ಮಾತ್ರ ಬದಲಾಗುತ್ತಿದ್ದರೆ 22 ಸೆಕೆಂಡಿಗೊಂದು. ನಿಂತ ಬಸ್ಸಿನಿಂದ ಒಂದೂ ಇಲ್ಲ. ಐದು ಸೆಕೆಂಡಿನ ನಿಗದಿತ ಪದ್ಧತಿಯ 111 ಮೀಟರ್ ತಪ್ಪಿನ ಜಾಗದಲ್ಲಿ ಈಗ 25 ಮೀಟರ್, ಅದೂ ಕಡಿಮೆ ಸಂದೇಶಗಳಲ್ಲಿ.

ತಿರುವಿನಲ್ಲೂ ಇದೇ ಸೂತ್ರ. ಅಲ್ಲಿ ವೇಗೋತ್ಕರ್ಷ ಎಂದರೆ ವೇಗದ ವರ್ಗವನ್ನು ತಿರುವಿನ ತ್ರಿಜ್ಯದಿಂದ ಭಾಗಿಸಿದ್ದು. ಚಾರ್ಮಾಡಿ ಘಾಟಿಯಂಥ ರಸ್ತೆಯಲ್ಲಿ 15 ಮೀಟರ್ ತ್ರಿಜ್ಯದ ಹಿಮ್ಮುರಿ ತಿರುವನ್ನು 25 ಕಿ.ಮೀ. ವೇಗದಲ್ಲಿ ತೆಗೆದುಕೊಂಡರೆ, ಅಂದಾಜು 10 ಮೀಟರ್ ತಪ್ಪಲು ಎರಡೂವರೆ ಸೆಕೆಂಡು ಸಾಕು. ವೇಗ ಕಡಿಮೆ ಇರುವ ಕಡೆ ಸಂದೇಶವೂ ಕಡಿಮೆ ಎಂದು ಲೆಕ್ಕ ಹಾಕಿದವರಿಗೆ ಘಾಟಿ ಬೇರೆ ಪಾಠ ಕಲಿಸುತ್ತದೆ.

ಮಿತಿಯನ್ನು ಎಷ್ಟು ಬೇಕಾದರೂ ಇಳಿಸಲು ಬರುವುದಿಲ್ಲ. ಬಯಲಲ್ಲಿ ಸಾಧಾರಣ ಜಿಪಿಎಸ್ ಚಿಪ್‌ನ ತಪ್ಪು ಮೂರರಿಂದ ಐದು ಮೀಟರ್. ಎತ್ತರದ ಕಟ್ಟಡಗಳ ನಡುವೆ ಸಿಗ್ನಲ್ ಗೋಡೆಗೆ ಬಡಿದು ಬರುವುದರಿಂದ ಅದಕ್ಕಿಂತ ಬಹಳ ಹೆಚ್ಚು. ಮಿತಿಯನ್ನು ಐದು ಮೀಟರ್‌ಗೆ ಇಟ್ಟರೆ ಟ್ರ್ಯಾಕರ್ ಕಳಿಸುವುದು ಗಾಡಿಯ ಚಲನೆಯನ್ನಲ್ಲ, ಜಿಪಿಎಸ್‌ನ ನಡುಕವನ್ನು. ಮಿತಿ ಆ ನಡುಕದ ಎರಡು ಮೂರು ಪಟ್ಟಾದರೂ ಇರಲಿ. ಬಸ್ಸು ಎಷ್ಟು ಹೊತ್ತಿಗೆ ಬರುತ್ತದೆ ಎಂದು ಪ್ರಯಾಣಿಕರಿಗೆ ತೋರಿಸುವುದಷ್ಟೇ ಉದ್ದೇಶವಾದರೆ 50 ಮೀಟರ್ ಸಾಕು. ನಗರದಲ್ಲಿ 18 ಕಿ.ಮೀ. ವೇಗಕ್ಕೆ ಅದು ಹತ್ತು ಸೆಕೆಂಡಿನ ವ್ಯತ್ಯಾಸ.

ನಿಂತ ಗಾಡಿಗೆ ಪ್ರತ್ಯೇಕ ನಿಯಮ ಬೇಕು. ನಿಂತಿದ್ದರೂ ಜಿಪಿಎಸ್ ಗಂಟೆಗೆ ಒಂದೆರಡು ಕಿ.ಮೀ. ವೇಗ ತೋರಿಸಬಹುದು, ದಿಕ್ಕಂತೂ ಗಿರಗಿರನೆ ಸುತ್ತುತ್ತದೆ. ಆ ವೇಗ, ಆ ದಿಕ್ಕನ್ನೇ ನಂಬಿ ಅಂದಾಜು ಮಾಡಿದರೆ ಡಿಪೋದಲ್ಲಿ ನಿಂತ ಬಸ್ಸು ನಕ್ಷೆಯ ಮೇಲೆ ಪಕ್ಕದ ಬೀದಿಗೆ ಹೋಗಿ ಬರುತ್ತಿರುತ್ತದೆ. ವೇಗ 3 ಕಿ.ಮೀ.ಗಿಂತ ಕೆಳಗಿಳಿದರೆ ಸೊನ್ನೆ ಎಂದು ಹಿಡಿಯಿರಿ. 5 ಕಿ.ಮೀ.ಗಿಂತ ಕೆಳಗೆ ಕೊನೆಯ ನಂಬಬಹುದಾದ ದಿಕ್ಕನ್ನೇ ಇಟ್ಟುಕೊಳ್ಳಿ. ಇಗ್ನಿಷನ್ ತಂತಿಯ ಸ್ಥಿತಿಯನ್ನೂ ಜೊತೆಗೆ ನೋಡಿದರೆ ಇನ್ನೂ ಒಳ್ಳೆಯದು.

ವೇಗೋತ್ಕರ್ಷವನ್ನೂ ಸಂದೇಶದಲ್ಲಿ ಸೇರಿಸಿದರೆ ಅಂದಾಜು ಸುಧಾರಿಸಬೇಕಲ್ಲವೇ? ಹೆದ್ದಾರಿಗೆ ಸೇರುವ ದಾರಿಯಲ್ಲಿ ಸುಧಾರಿಸುತ್ತದೆ. ನಗರದಲ್ಲಿ ಹೆಚ್ಚಾಗಿ ಕೆಡಿಸುತ್ತದೆ. ಜಿಪಿಎಸ್ ವೇಗದ ವ್ಯತ್ಯಾಸದಿಂದ ತೆಗೆದ ವೇಗೋತ್ಕರ್ಷದಲ್ಲಿ ಗದ್ದಲ ಜಾಸ್ತಿ, ಅದು ಕಾಲದ ವರ್ಗದಿಂದ ಗುಣಿಸಿಕೊಂಡು ದೊಡ್ಡದಾಗುತ್ತದೆ. ಜೊತೆಗೆ ಬ್ರೇಕ್ ಹಾಕಿದ ಬಸ್ಸಿನ ಋಣ ವೇಗೋತ್ಕರ್ಷವನ್ನು ಹಾಗೇ ಮುಂದುವರಿಸಿದರೆ, ವೇಗ ಸೊನ್ನೆಯಾದ ಮೇಲೆ ಬಸ್ಸು ಹಿಂದಕ್ಕೆ ಓಡಲು ಶುರುಮಾಡುತ್ತದೆ! ಬಳಸಲೇಬೇಕಾದರೆ ವೇಗ ಸೊನ್ನೆಗಿಂತ ಕೆಳಗಿಳಿಯದಂತೆ ತಡೆ ಹಾಕಿ, ಮೂರು ನಾಲ್ಕು ಸೆಕೆಂಡಿನ ನಂತರ ವೇಗೋತ್ಕರ್ಷವನ್ನು ಸೊನ್ನೆಗೆ ಇಳಿಸಿ, ಇದೇ ಎರಡು ನಿಯಮಗಳನ್ನು ಸರ್ವರ್‌ನಲ್ಲೂ ಬರೆಯಿರಿ.

ಎರಡೂ ಕಡೆ ಒಂದೇ ಲೆಕ್ಕ

ಟ್ರ್ಯಾಕರ್ ತನ್ನೊಳಗಿನ ಪೂರ್ಣ ನಿಖರತೆಯ ಅಂಕಿಯಿಂದ ಅಂದಾಜು ಮಾಡಬಾರದು. ಸಂದೇಶದಲ್ಲಿ ಕಳಿಸಿದ, ದಶಮಾಂಶ ಕತ್ತರಿಸಿದ ಅಂಕಿಯಿಂದಲೇ ಮಾಡಬೇಕು. ದಿಕ್ಕನ್ನು ಪೂರ್ಣ ಡಿಗ್ರಿಯಲ್ಲಿ ಕಳಿಸುತ್ತೀರಿ, ಕತ್ತರಿಸುವಾಗ ಒಂದು ಡಿಗ್ರಿಯವರೆಗೆ ಕಳೆದುಹೋಗುತ್ತದೆ ಎಂದಿಟ್ಟುಕೊಳ್ಳಿ. 80 ಕಿ.ಮೀ. ವೇಗದಲ್ಲಿ ಅದು ಸೆಕೆಂಡಿಗೆ 0.39 ಮೀಟರ್ ಅಡ್ಡ ಸರಿತ. 26 ಸೆಕೆಂಡಿಗೆ 10 ಮೀಟರ್. ಕತ್ತರಿಸಿದ ಅಂಕಿಯನ್ನೇ ತಾನೂ ಬಳಸಿದ ಟ್ರ್ಯಾಕರ್ ಈ ಸರಿತವನ್ನು ಕಂಡು ಸರಿಪಡಿಸುತ್ತದೆ. ಪೂರ್ಣ ಅಂಕಿ ಬಳಸಿದ ಟ್ರ್ಯಾಕರ್‌ಗೆ ಎಲ್ಲವೂ ಸರಿಯಾಗಿ ಕಾಣುತ್ತದೆ, ಸರ್ವರ್‌ನಲ್ಲಿ ಬಸ್ಸು ಹೊಲಕ್ಕಿಳಿದಿರುತ್ತದೆ. ಟ್ರ್ಯಾಕರ್‌ನೊಳಗಿನ ಅಗ್ಗದ ಚಿಪ್ (ಮೈಕ್ರೋಕಂಟ್ರೋಲರ್) ಮತ್ತು ಸರ್ವರ್ ನಡುವೆ ದಶಮಾಂಶ (ಫ್ಲೋಟ್) ಲೆಕ್ಕದ ಸಣ್ಣ ವ್ಯತ್ಯಾಸವೂ ಬೇಡವೆಂದರೆ ಎರಡೂ ಕಡೆ ಪೂರ್ಣಾಂಕದಲ್ಲೇ ಲೆಕ್ಕ ಮಾಡಿ: ಸೆಂಟಿಮೀಟರ್, ಮಿಲಿಸೆಕೆಂಡ್.

ಸಮಯದ ವಿಷಯ ಇನ್ನೂ ಸೂಕ್ಷ್ಮ. ಸಂದೇಶ ಸರ್ವರ್ ತಲುಪಿದ ಹೊತ್ತಿನಿಂದ ಅಂದಾಜು ಶುರುಮಾಡಿದರೆ, ಜಾಲದಲ್ಲಾದ ಪ್ರತಿ ಸೆಕೆಂಡಿನ ವಿಳಂಬವೂ 80 ಕಿ.ಮೀ. ವೇಗದಲ್ಲಿ 22 ಮೀಟರ್ ತಪ್ಪಾಗುತ್ತದೆ. ಜಿಪಿಎಸ್ ಬಿಂದುವನ್ನು ಅಳೆದ ಹೊತ್ತೇ ಸಂದೇಶದಲ್ಲಿರಬೇಕು, ಅಲ್ಲಿಂದಲೇ ಲೆಕ್ಕ ಶುರುವಾಗಬೇಕು. ಜಿಪಿಎಸ್ ಗಡಿಯಾರ ಈಗ ಜಾಗತಿಕ ಪ್ರಮಾಣ ಸಮಯವಾದ ಯುಟಿಸಿಗಿಂತ 18 ಸೆಕೆಂಡು ಮುಂದಿದೆ. ಚಿಪ್ ಯಾವುದನ್ನು ಕೊಡುತ್ತಿದೆ ಎಂದು ಖಚಿತಪಡಿಸಿಕೊಳ್ಳಿ. ಆನ್ ಆದ ಹೊಸದರಲ್ಲಿ, ಉಪಗ್ರಹದಿಂದ ಅಧಿಕ ಸೆಕೆಂಡಿನ (ಈ ವ್ಯತ್ಯಾಸದ) ಮಾಹಿತಿ ಬರುವ ಮೊದಲು, ಕೆಲವು ಚಿಪ್‌ಗಳು ತಪ್ಪು ಸಮಯ ಕೊಡುತ್ತವೆ. 18 ಸೆಕೆಂಡಿನ ತಪ್ಪು ಅದೇ ವೇಗದಲ್ಲಿ 400 ಮೀಟರ್.

ಇನ್ನು ಕಳೆದುಹೋಗುವ ಸಂದೇಶಗಳು. ತಲುಪಿತೇ ಎಂದು ವಿಚಾರಿಸದ ಯುಡಿಪಿ ನಿಯಮದಲ್ಲಿ ಕಳಿಸಿದ ಪ್ಯಾಕೆಟ್ ದಾರಿಯಲ್ಲಿ ಕಳೆದುಹೋಯಿತೆನ್ನಿ. ಟ್ರ್ಯಾಕರ್ ಹೊಸ ಅಂದಾಜಿನಲ್ಲಿದೆ, ಸರ್ವರ್ ಹಳೆಯದರಲ್ಲೇ ಇದೆ. ಇಬ್ಬರಿಗೂ ಅನುಮಾನವಿಲ್ಲ. ಹಾಗಾಗಿ ಪ್ರತಿ ಸಂದೇಶಕ್ಕೆ ಕ್ರಮಸಂಖ್ಯೆ ಕೊಟ್ಟು, ಸರ್ವರ್‌ನಿಂದ ಸ್ವೀಕೃತಿ ಬರುವವರೆಗೆ ಟ್ರ್ಯಾಕರ್ ಎರಡು ಅಂದಾಜುಗಳನ್ನು ಹಿಡಿದುಕೊಂಡಿರಬೇಕು: ಸ್ವೀಕೃತವಾದ ಹಳೆಯದು, ಈಗಷ್ಟೇ ಕಳಿಸಿದ್ದು. ಎರಡರಲ್ಲಿ ಯಾವುದು ಮಿತಿ ದಾಟಿದರೂ ಮತ್ತೆ ಕಳಿಸಬೇಕು.

ಮೌನ ಯಾವಾಗ ಸುದ್ದಿ, ಯಾವಾಗ ಅಪಾಯ

ಈ ವಿಧಾನದ ಬಲವೇ ಇದರ ದೌರ್ಬಲ್ಯವೂ ಹೌದು. ಟ್ರ್ಯಾಕರ್ ಸುಮ್ಮನಿದೆ ಎಂದರೆ ಅಂದಾಜು ಸರಿಯಿದೆ ಎಂದೂ ಆಗಬಹುದು, ನೆಟ್‌ವರ್ಕ್ ಇಲ್ಲ, ಆಂಟೆನಾ ಕಿತ್ತಿದೆ, ಬ್ಯಾಟರಿ ತಂತಿ ಯಾರೋ ತೆಗೆದಿದ್ದಾರೆ ಎಂದೂ ಆಗಬಹುದು. ಘಾಟಿಯಲ್ಲಿ ನೆಟ್‌ವರ್ಕ್ ಹೋದ ಬಸ್ಸನ್ನು ಸರ್ವರ್ ನೇರ ಗೆರೆಯಲ್ಲಿ ಕಣಿವೆಯ ಮೇಲೆ ತೇಲಿಸಿಕೊಂಡು ಹೋಗುತ್ತದೆ, ನಿಲ್ದಾಣದಲ್ಲಿ ಕಾಯುವವರು ಅದನ್ನೇ ನಂಬುತ್ತಾರೆ.

ಸುಲಭ ಮದ್ದು ಹಾರ್ಟ್‌ಬೀಟ್. ಅಂದಾಜು ಎಷ್ಟೇ ಸರಿಯಿದ್ದರೂ ಇಂತಿಷ್ಟು ಸೆಕೆಂಡಿಗೊಂದು ಸಂದೇಶ. ಟ್ಯಾಂಕ್ ಸಿಮ್ಯುಲೇಟರ್‌ಗಳ ಆ ಮಾನದಂಡದಲ್ಲಿ ಅದು ಸಾಮಾನ್ಯವಾಗಿ 5 ಸೆಕೆಂಡು, 12 ಸೆಕೆಂಡು ಸದ್ದಿಲ್ಲದಿದ್ದರೆ ಆ ವಾಹನವನ್ನು ಚಿತ್ರದಿಂದ ತೆಗೆದುಬಿಡುತ್ತಾರೆ. ಬಸ್ಸಿಗೆ ಓಡುವಾಗ 60 ಸೆಕೆಂಡು, ಇಗ್ನಿಷನ್ ಆಫ್ ಆದಾಗ 10 ನಿಮಿಷ ಇಟ್ಟರೆ ಸಾಕು. ಮೊಬೈಲ್ ಜಾಲದ ವಿಳಾಸ ಬದಲಿಸುವ ವ್ಯವಸ್ಥೆಯೂ ಸುಮ್ಮನಿರುವ ಯುಡಿಪಿ ಸಂಪರ್ಕವನ್ನು ಒಂದೆರಡು ನಿಮಿಷದೊಳಗೇ ಮರೆಯಬಹುದು. ಆಗ ಸರ್ವರ್‌ನಿಂದ ಟ್ರ್ಯಾಕರ್‌ಗೆ ಆದೇಶ ಕಳಿಸಲು ದಾರಿ ಇರುವುದಿಲ್ಲ. ಹಾರ್ಟ್‌ಬೀಟ್ ಅದನ್ನೂ ಕಾಯುತ್ತದೆ.

ವುಲ್ಫ್‌ಸನ್ ತಂಡದ ಉಪಾಯ ಇನ್ನೂ ಸೊಗಸು. ಕಳಿಸಿ ಎಷ್ಟು ಹೊತ್ತಾಯಿತೋ ಅಷ್ಟು ಮಿತಿಯನ್ನೇ ಕುಗ್ಗಿಸುತ್ತಾ ಹೋಗುವುದು. 60 ಮೀಟರ್‌ನಿಂದ ಶುರುಮಾಡಿ, ಹೊತ್ತು ಕಳೆದಂತೆ 30, 20, 15. ಯಾವುದೇ ಗಾಡಿ ಅಂದಾಜಿಗೆ ಅಷ್ಟು ಕಚ್ಚಿಕೊಂಡು ಬಹಳ ಹೊತ್ತು ಓಡಲಾರದು, ಹಾಗಾಗಿ ತಾನಾಗಿಯೇ ಒಂದು ಸಂದೇಶ ಬರಲೇಬೇಕು. ಬರದಿದ್ದರೆ ಸಂಪರ್ಕ ಕಡಿದಿದೆ ಎಂದರ್ಥ. ಬರೀ ಬದುಕಿದ್ದೇನೆ ಎಂದು ಹೇಳುವ ಹಾರ್ಟ್‌ಬೀಟ್‌ಗಿಂತ ಇದು ಮೇಲು, ಏಕೆಂದರೆ ಇಲ್ಲಿ ಬರುವ ಪ್ರತಿ ಸಂದೇಶವೂ ಅಂದಾಜನ್ನು ತಿದ್ದುತ್ತದೆ. ನಿಂತ ಗಾಡಿಗೆ ಮಾತ್ರ ಇದು ನಡೆಯುವುದಿಲ್ಲ, ಅಲ್ಲಿ ಹಾರ್ಟ್‌ಬೀಟ್ ಬೇಕೇ ಬೇಕು.

ನಕ್ಷೆಯ ಮೇಲೆ ಕೊನೆಯ ಸಂದೇಶದ ವಯಸ್ಸನ್ನೂ ತೋರಿಸಿ. ಹಾರ್ಟ್‌ಬೀಟ್ ಎರಡು ಸಲ ತಪ್ಪಿದರೆ ಅಂದಾಜನ್ನು ನಿಲ್ಲಿಸಿ, ಗುರುತಿನ ಬಣ್ಣ ಬದಲಿಸಿ. ತುರ್ತು ಗುಂಡಿ, ಟ್ಯಾಂಪರ್ (ಟ್ರ್ಯಾಕರನ್ನು ಯಾರೋ ಕೆದಕಿದ್ದು), ಬ್ಯಾಟರಿ ಕಡಿತದ ಸಂದೇಶಗಳನ್ನು ಯಾವ ಅಂದಾಜಿನ ನೆಪದಲ್ಲೂ ತಡೆಯಬಾರದು. ನಿಯಮದ ಪ್ರಕಾರ ನಿಗದಿತ ಅಂತರದಲ್ಲಿ ಸಂದೇಶ ಕೇಳುವ ಸರ್ಕಾರಿ ಸರ್ವರ್‌ಗೂ ಹಾಗೆಯೇ ಕಳಿಸಬೇಕು. ಉಳಿತಾಯ ಏನಿದ್ದರೂ ನಿಮ್ಮ ಸ್ವಂತ ಸರ್ವರ್‌ನ ಕಡೆ.

ರಸ್ತೆ ಗೊತ್ತಿದ್ದರೆ

ಬಸ್ಸಿನ ಮಾರ್ಗ ಮೊದಲೇ ನಿಗದಿಯಾಗಿರುತ್ತದೆ. ಆ ಗೆರೆಯನ್ನೇ ಟ್ರ್ಯಾಕರ್‌ನಲ್ಲೂ ಸರ್ವರ್‌ನಲ್ಲೂ ಇಟ್ಟುಕೊಂಡರೆ ಅಕ್ಷಾಂಶ, ರೇಖಾಂಶದ ಬದಲು ಮಾರ್ಗದ ಆರಂಭದಿಂದ ಎಷ್ಟು ಮೀಟರ್ ಎನ್ನುವ ಒಂದೇ ಅಂಕಿ ಸಾಕು. ತಿರುವುಗಳಿಂದಾಗುವ ತಪ್ಪು ಪೂರ್ತಿ ಮಾಯ. ಚಾರ್ಮಾಡಿಯ ಹಿಮ್ಮುರಿ ತಿರುವುಗಳಲ್ಲೂ ಗಾಡಿಯ ವೇಗ ಬದಲಾದರೆ ಮಾತ್ರ ಸಂದೇಶ. ಬೆಲೆ ಬೇರೆ ಕಡೆ ತೆರಬೇಕು: ಎರಡೂ ಕಡೆ ಮಾರ್ಗದ ಒಂದೇ ಆವೃತ್ತಿ ಇರಬೇಕು. ಕಾಮಗಾರಿಗೆಂದು ಮಾರ್ಗ ಬದಲಿಸಿ ಸರ್ವರ್‌ನಲ್ಲಷ್ಟೇ ತಿದ್ದಿದರೆ, ಹಳೆಯ ಗೆರೆಯ 4,200ನೇ ಮೀಟರ್ ಹೊಸದರಲ್ಲಿ ಬೇರೆಯೇ ಬೀದಿ. ಪ್ರತಿ ಸಂದೇಶದಲ್ಲಿ ಆವೃತ್ತಿಯ ಎರಡು ಬೈಟ್ ಗುರುತು ಹಾಕಿ, ಹೊಂದದಿದ್ದರೆ ಸರ್ವರ್ ಹಳೆಯ ಅಕ್ಷಾಂಶ-ರೇಖಾಂಶದ ಪದ್ಧತಿಗೆ ಮರಳುವಂತೆ ಹೇಳಲಿ. ಬಸ್ಸು ಗೆರೆಯಿಂದ 40 ಮೀಟರ್ ಆಚೆ ಹೋದರೆ ಟ್ರ್ಯಾಕರ್ ತಾನೇ ಹಾಗೆ ಮರಳಬೇಕು.

ಟ್ಯಾಕ್ಸಿ, ಲಾರಿಗಳಿಗೆ ನಿಗದಿತ ಮಾರ್ಗವಿಲ್ಲ. ಅವುಗಳಿಗೆ ರಸ್ತೆ ನಕ್ಷೆ ಬಳಸಿ, ಪ್ರತಿ ಕೂಡುರಸ್ತೆಯಲ್ಲಿ ನೇರಕ್ಕೆ ಹೋಗುತ್ತದೆ ಎಂದು ಇಬ್ಬರೂ ನಂಬಿ, ತಿರುಗಿದರೆ ಮಾತ್ರ ಹೇಳುವಂತೆ ಮಾಡಬಹುದು. ಫ್ಲೈಓವರ್ ಮತ್ತು ಅದರ ಕೆಳಗಿನ ಸರ್ವಿಸ್ ರಸ್ತೆ ಇರುವಲ್ಲಿ ಟ್ರ್ಯಾಕರ್‌ಗೇ ತಾನು ಯಾವುದರ ಮೇಲಿದ್ದೇನೆ ಎಂದು ತಿಳಿಯುವುದಿಲ್ಲ. ಅಂಥ ಕಡೆ ನಕ್ಷೆ ಬಿಟ್ಟು ಸರಳ ಅಂದಾಜೇ ಒಳ್ಳೆಯದು.

ಗಾಡಿಯಿಂದ ಗಾಡಿಗೆ

ಇಲ್ಲಿಯವರೆಗೆ ಉಳಿದದ್ದು ದುಡ್ಡು, ಸರ್ವರ್‌ನ ಹೊರೆ. ಗಾಡಿಗಳು ಒಂದಕ್ಕೊಂದು ನೇರವಾಗಿ ಜಾಗ ಸಾರುವ 5.9 ಗಿಗಾಹರ್ಟ್ಸ್ ಸುರಕ್ಷತಾ ಜಾಲದಲ್ಲಿ ಉಳಿಸಬೇಕಾದದ್ದು ರೇಡಿಯೋ ಚಾನೆಲ್‌ನ ಜಾಗ. 10 ಮೆಗಾಹರ್ಟ್ಸ್ ಚಾನೆಲ್, ಸೆಕೆಂಡಿಗೆ 60 ಲಕ್ಷ ಬಿಟ್, ಡಿಜಿಟಲ್ ಸಹಿ ಸೇರಿ 350 ಬೈಟ್‌ನ ಸಂದೇಶ ಎಂದರೆ ಒಂದೊಂದಕ್ಕೂ ಸುಮಾರು ಅರ್ಧ ಮಿಲಿಸೆಕೆಂಡು. ಸೆಕೆಂಡಿಗೆ ಹತ್ತು ಸಲ ಸಾರಿದರೆ 200 ಗಾಡಿಗೆ ಚಾನೆಲ್ ಪೂರ್ತಿ ತುಂಬಿತು. ನಿಜದಲ್ಲಿ ಅದಕ್ಕೂ ಎಷ್ಟೋ ಮೊದಲೇ ಸಂದೇಶಗಳು ಒಂದಕ್ಕೊಂದು ಡಿಕ್ಕಿ ಹೊಡೆದು ನಾಶವಾಗುತ್ತವೆ. ಆರು ಪಥದ ರಸ್ತೆ ಕಿಕ್ಕಿರಿದರೆ 200 ಗಾಡಿ ಏನೂ ದೊಡ್ಡದಲ್ಲ.

ಯುರೋಪಿನ ದೂರಸಂಪರ್ಕ ಮಾನದಂಡ ಸಂಸ್ಥೆ ಎಟ್ಸಿಯ ಮಾನದಂಡ ಕೊನೆಯ ಸಂದೇಶದಿಂದ 4 ಮೀಟರ್ ಸರಿದರೆ, ದಿಕ್ಕು 4 ಡಿಗ್ರಿ ತಿರುಗಿದರೆ, ಅಥವಾ ವೇಗ ಸೆಕೆಂಡಿಗೆ ಅರ್ಧ ಮೀಟರ್ ಬದಲಾದರೆ ಸಾರು ಎನ್ನುತ್ತದೆ. ಇದರಲ್ಲಿ ಅಂದಾಜಿಲ್ಲ. ಹೆದ್ದಾರಿಯಲ್ಲಿ 100 ಕಿ.ಮೀ. ವೇಗದಲ್ಲಿ ನೆಟ್ಟಗೆ ಹೋಗುವ ಕಾರು, ಹೊಸದೇನೂ ಹೇಳಲಿಕ್ಕಿಲ್ಲದಿದ್ದರೂ, ಪ್ರತಿ 200 ಮಿಲಿಸೆಕೆಂಡಿಗೆ ಸಾರುತ್ತದೆ. ಅಮೆರಿಕದ ವಾಹನ ಎಂಜಿನಿಯರ್‌ಗಳ ಸಂಸ್ಥೆ ಎಸ್‌ಎಇಯ ಜೆ2945/1 ಮಾನದಂಡ ಅಂದಾಜನ್ನೇ ಆಧಾರವಾಗಿಸಿಕೊಂಡಿದೆ. ನೆರೆಯ ಗಾಡಿಗಳು ತನ್ನನ್ನು ಎಲ್ಲಿದೆ ಎಂದು ಭಾವಿಸಿರಬಹುದು ಎಂದು ಕಾರು ಲೆಕ್ಕ ಹಾಕುತ್ತದೆ. ತಪ್ಪು 0.2 ಮೀಟರ್‌ಗಿಂತ ಕಡಿಮೆಯಿದ್ದರೆ ಈ ಕಾರಣಕ್ಕೆ ಸಾರುವುದಿಲ್ಲ, 0.5 ಮೀಟರ್ ಆದರೆ ಖಂಡಿತ ಸಾರುತ್ತದೆ. ನಡುವೆ ಸಂಭವನೀಯತೆಯ ಲೆಕ್ಕ: 0.3 ಮೀಟರ್‌ಗೆ ಸುಮಾರು ಶೇ. 53, 0.4 ಮೀಟರ್‌ಗೆ ಶೇ. 95. ಈ ಅದೃಷ್ಟದ ಆಟ ಬೇಕೇಬೇಕು. ಮುಂದಿನ ಗಾಡಿ ಬ್ರೇಕ್ ಹಾಕಿದಾಗ ಹಿಂದಿನ ಹತ್ತು ಗಾಡಿಗಳ ಅಂದಾಜೂ ಒಟ್ಟಿಗೇ ತಪ್ಪುತ್ತದೆ, ಎಲ್ಲವೂ ಅದೇ ಕ್ಷಣದಲ್ಲಿ ಸಾರಿದರೆ ಯಾರಿಗೂ ಯಾವುದೂ ಕೇಳಿಸದು.

ಸಾರುವ ಜಾಲದಲ್ಲಿ ಸ್ವೀಕೃತಿ ಇಲ್ಲ. ಹಾಗಾಗಿ ಕಾರು ಸುತ್ತಲಿನ ಪ್ಯಾಕೆಟ್ ನಷ್ಟದ ಪ್ರಮಾಣ ಅಳೆದು, ತನ್ನ ಕೊನೆಯ ಸಂದೇಶ ನೆರೆಯವರಿಗೆ ತಲುಪಿತೋ ಇಲ್ಲವೋ ಎನ್ನುವುದನ್ನೂ ಅಂದಾಜು ಮಾಡುತ್ತದೆ. ಮೌನಕ್ಕೂ ಮಿತಿಯಿದೆ. ಸುತ್ತ 100 ಮೀಟರ್ ದೂರದೊಳಗೆ 25 ಗಾಡಿಯವರೆಗೆ 100 ಮಿಲಿಸೆಕೆಂಡು, ಅಲ್ಲಿಂದ ಸಂಖ್ಯೆಗೆ ತಕ್ಕಂತೆ ಏರಿ 150 ಗಾಡಿಗೆ 600 ಮಿಲಿಸೆಕೆಂಡು. ಜೋರಾಗಿ ಬ್ರೇಕ್ ಒತ್ತಿದರೆ ಮಾತ್ರ ಯಾವ ಲೆಕ್ಕಕ್ಕೂ ಕಾಯದೆ ತಕ್ಷಣ ಸಾರಬೇಕು.

ರಸ್ತೆಗಿಳಿಸುವ ಮೊದಲು ಅಳೆಯಿರಿ

ನಾಲ್ಕೈದು ಬಗೆಯ ಮಾರ್ಗಗಳಲ್ಲಿ ಒಂದು ವಾರ ಸೆಕೆಂಡಿಗೊಂದರಂತೆ ಜಿಪಿಎಸ್ ಬಿಂದುಗಳನ್ನು ಟ್ರ್ಯಾಕರ್‌ನಲ್ಲೇ ಬರೆದಿಟ್ಟುಕೊಳ್ಳಿ. ಎಐಎಸ್ 140 ಟ್ರ್ಯಾಕರ್‌ನಲ್ಲಿ ಕನಿಷ್ಠ 40,000 ದಾಖಲೆಗಳಿಗೆ ಜಾಗವಿರುತ್ತದೆ. ಸೆಕೆಂಡಿಗೊಂದಾದರೆ ಅದು 11 ಗಂಟೆಗೆ ಸಾಕು, ತುಂಬುವ ಮೊದಲೇ ಇಳಿಸಿಕೊಳ್ಳಬೇಕು. ಆ ದಾಖಲೆಯನ್ನು ಕಂಪ್ಯೂಟರ್‌ನಲ್ಲಿ 15, 25, 50, 100 ಮೀಟರ್ ಮಿತಿಗಳೊಂದಿಗೆ ಮತ್ತೆ ಓಡಿಸಿ ಸಂದೇಶಗಳನ್ನು ಎಣಿಸಿ. ಮಿತಿ ಏರಿಸಿದಂತೆ ಸಂಖ್ಯೆ ಮೊದಲು ದಡದಡನೆ ಇಳಿದು ಆಮೇಲೆ ನಿಧಾನವಾಗುತ್ತದೆ, ಆ ಬಾಗಿದ ಜಾಗವೇ ನಿಮ್ಮ ಮಿತಿ. ಜೊತೆಗೆ ಪ್ಯಾಕೆಟ್‌ಗಳಲ್ಲಿ ಶೇ. 5ನ್ನು ಬೇಕೆಂದೇ ಕಳೆದು, ಎರಡು ಸೆಕೆಂಡು ವಿಳಂಬ ಸೇರಿಸಿ, ಸರ್ವರ್ ಕಡೆಯ ನಿಜವಾದ ತಪ್ಪನ್ನು ಅಳೆಯಿರಿ. ಸರಾಸರಿಯನ್ನಷ್ಟೇ ನೋಡಬೇಡಿ, ಅತಿ ಕೆಟ್ಟ ನೂರರಲ್ಲೊಂದನ್ನೂ ನೋಡಿ.

ಸರ್ವರ್‌ನ ಗಾತ್ರವನ್ನು ಸರಾಸರಿ ಸಂದೇಶದ ಸಂಖ್ಯೆಯಿಂದ ನಿರ್ಧರಿಸುವುದು ದೊಡ್ಡ ತಪ್ಪು. ಬೆಳಗ್ಗೆ ಡಿಪೋಗಳಿಂದ ಬಸ್ಸುಗಳು ಒಟ್ಟಿಗೆ ಹೊರಡುವಾಗ, ನೆಟ್‌ವರ್ಕ್ ಬಿದ್ದು ಎದ್ದಾಗ, ಎಲ್ಲ ಅಂದಾಜುಗಳೂ ಒಟ್ಟಿಗೆ ತಪ್ಪುತ್ತವೆ. ಆ ನಿಮಿಷದಲ್ಲಿ ಹೊರೆ ಹಳೆಯ ನಿಗದಿತ ಪದ್ಧತಿಯಷ್ಟೇ ಇರಬಹುದು. ಸಂಪರ್ಕ ಮರಳಿದ ಟ್ರ್ಯಾಕರ್ ಸೊನ್ನೆಯಿಂದ ಹತ್ತು ಸೆಕೆಂಡಿನ ನಡುವೆ ಯಾದೃಚ್ಛಿಕ ಹೊತ್ತು ಕಾದು, ಮೊದಲು ಈಗಿನ ಜಾಗವನ್ನು ಕಳಿಸಲಿ. ಹಿಂದಿನ ದಾಖಲೆಗಳು ಆಮೇಲೆ, ಗುಂಪಾಗಿ ಹೋಗಲಿ. ಅಪಘಾತ ಅಥವಾ ದೂರಿನ ವಿಚಾರಣೆಗೆ ಬೇಕಾಗುವುದು ಈ ಅಳೆದ ದಾಖಲೆಗಳೇ. ಅಂದಾಜಿನ ಬಿಂದುಗಳನ್ನು ಡೇಟಾಬೇಸ್‌ನ ಅದೇ ಕೋಷ್ಟಕಕ್ಕೆ ಎಂದೂ ಬರೆಯಬೇಡಿ.